ಗೆರೆ ಮುಟ್ಟದ ಗುಂಡು

ಬಳ್ಳಾರಿಯ ಊರಾಚೆ, ಬೋಳುಗುಡ್ಡದ ಬುಡದ ಚಾಂದಮಾರಿಗೆ, ಬಂದೂಕಿನ ಗುರಿ ಹೊಡೆಯುವ ಬಯಲಿಗೆ, ಇನ್ನೂ ಬಿಸಿಲು ಇಳಿದಿಲ್ಲ. ಗುರಿ ಹೊಡೆಯುವವರು ಬರಲು ಒಂದು ತಾಸಾದರೂ ಬೇಕು. ಮೂರು ಕಲ್ಲಿನ ಒಲೆಯ ಮೇಲೆ ಹುಲುಗಮ್ಮ ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದಾರೆ. ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ಜಾಲಿಕಡ್ಡಿಯಿಂದ ತಿರುವುತ್ತಾರೆ. ಪಕ್ಕದಲ್ಲಿ ಗೋಣಿತಟ್ಟು ಬಿಗಿದ ಮರದ ಚೌಕಟ್ಟುಗಳು ಒರಗಿವೆ. ಒಂದೊಂದಕ್ಕೂ ಅಂಟು ಸವರಿ, ನಡುವೆ ಕಪ್ಪು ಚುಕ್ಕೆಯಿರುವ ಗುರಿಹಾಳೆಯನ್ನು ಅಂಗೈಯಿಂದ ನೀವಿ ನೀವಿ ಅಂಟಿಸುತ್ತಾರೆ.

"ಸುಕ್ಕು ಉಳೀತಂದ್ರ ಗುಂಡು ಹಾಳಿ ಹರೀತೈತ್ರಿ. ತೂತು ದುಂಡಗ ಬರಲಿಲ್ಲಂದ್ರ ಯಾರಿಗೆ ಎಷ್ಟು ಅಂತ ನ್ಯಾಯ ಹೇಳಾಕ ಆಗಂಗಿಲ್ಲ" ಎನ್ನುತ್ತಾರೆ, ಹಾಳೆಯಿಂದ ಕಣ್ಣು ತೆಗೆಯದೆ.

ಕುರುಗೋಡಿನಲ್ಲಿ ಹುಟ್ಟಿದ ಹುಲುಗಮ್ಮನವರಿಗೆ ಈಗ ನಲವತ್ತಾರು. ವಾರವಿಡೀ ಹತ್ತಿ ಜಿನ್ನಿನಲ್ಲಿ ಹತ್ತಿ ಹಸನು ಮಾಡುತ್ತಾರೆ. ಭಾನುವಾರ ಮಾತ್ರ ಇಲ್ಲಿ. ಒಂದು ಬೆಳಿಗ್ಗೆಗೆ ಮೂವತ್ತು ಹಾಳೆ, ಮುನ್ನೂರರಷ್ಟು ತೂತು. ಪ್ರತಿ ತೂತಿಗೂ ಅಂಚೆಚೀಟಿಯಷ್ಟು ಕಾಗದದ ತೇಪೆ, ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ. ಮೊದಲು ಇದಕ್ಕಿಂತ ದೊಡ್ಡ ಕೆಲಸವೂ ಅವರದೇ ಆಗಿತ್ತು. ಸೀಟಿ ಊದಿ ಗುಂಡು ನಿಂತ ಮೇಲೆ ಹಾಳೆಯ ಹತ್ತಿರ ಹೋಗಿ, ಬೆತ್ತದ ತುದಿಯಿಂದ ತೋರಿಸುತ್ತ, ಯಾವ ಗುಂಡಿಗೆ ಎಷ್ಟು ಅಂಕವೆಂದು ಕೂಗಿ ಹೇಳುವುದು. ನಟ್ಟನಡುವೆ ಬಿದ್ದರೆ ಹತ್ತು, ಒಂದೊಂದು ಸುತ್ತು ಹೊರಗೆ ಹೋದಂತೆ ಒಂದೊಂದು ಕಡಿಮೆ. ತೂತು ಒಳಸುತ್ತಿನ ಗೆರೆಯನ್ನು ಕೊಂಚ ಮುಟ್ಟಿದರೂ ಒಳಗಿನ ಅಂಕವೇ ಸಿಗುತ್ತದೆ. ಗುರಿ ಹೊಡೆಯುವವರ ಕೂಟದಲ್ಲಿ ವಕೀಲರಿದ್ದರು, ಸಾಹುಕಾರರಿದ್ದರು. ಹುಲುಗಮ್ಮ ಎಂಟು ಎಂದರೆ ಎಂಟು. ಮರುಮಾತಾಡಿದವರಿಲ್ಲ.

ಗಂಡ ಜಡೆಪ್ಪ ಸಿರುಗುಪ್ಪದ ಕಡೆಯ ಕೆಂಚನಗುಡ್ಡದವರು. ಬಳ್ಳಾರಿಯಲ್ಲಿ ಬಂದೂಕು ರಿಪೇರಿ ಅವರ ಕಸುಬು. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ, ಊರು ಬಿಟ್ಟು ಹೊರಟ ಇಂಗ್ಲಿಷ್ ರೈಲ್ವೆ ಇಂಜಿನಿಯರೊಬ್ಬ ತನ್ನ ಗುರಿಪಿಸ್ತೂಲನ್ನು ಅವರಿಗೆ ಬಿಟ್ಟುಹೋದ. ಆಗಲೇ ಅದಕ್ಕೆ ಮೂವತ್ತು ವರ್ಷ ಕಳೆದಿತ್ತು. ಉದ್ದ ನಳಿಗೆ, ಅಕ್ರೋಟು ಮರದ ಹಿಡಿ. ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಕಡ್ಲೆಕಾಳಿಗಿಂತ ಸಣ್ಣ ಗುಂಡಿನ ತೋಟಾ ಒಂದೇ ಒಂದು ಹಿಡಿಯುತ್ತದೆ. ಲೈಸೆನ್ಸು ಜಡೆಪ್ಪನವರ ಹೆಸರಿಗೆ ಬಂದಾಗ ಹುಲುಗಮ್ಮ ಮೊದಲು ಬೈದರಂತೆ. ಆಮೇಲೆ ಅದರ ಚಾಕರಿಗೆ ತಾವೇ ನಿಂತರು.

ಯುದ್ಧದ ವರ್ಷಗಳಲ್ಲಿ ತೋಟಾ ಸಿಗುತ್ತಿರಲಿಲ್ಲ. ಜಡೆಪ್ಪ ಮನೆಯಲ್ಲಿ ಗೋಡೆಯ ಸುಣ್ಣದ ಚುಕ್ಕೆಗೆ ಗುರಿಯಿಟ್ಟು, ಗುಂಡಿಲ್ಲದೆ ಪಿಸ್ತೂಲಿನ ಕುದುರೆ ಎಳೆದು ಕೈ ಪಳಗಿಸುತ್ತಿದ್ದರು. ಈ ಜಾತಿಯ ತೋಟಾದ ಮದ್ದು ಹೊತ್ತುವುದು ಹಿಂದಿನ ಅಂಚಿಗೆ ಪೆಟ್ಟು ಬಿದ್ದಾಗ. ತೋಟಾ ಕೂರುವ ಗೂಡು ಖಾಲಿಯಿಟ್ಟು ಎಳೆದರೆ ಪೆಟ್ಟು ಕೊಡುವ ಮೊಳೆ ನಳಿಗೆಯ ಕಬ್ಬಿಣಕ್ಕೇ ಬಡಿದು ಕೆಡಿಸುತ್ತದೆ. ಅದಕ್ಕೆಂದು ಹಾರಿಸಿದ ತೋಟಾದ ಖಾಲಿ ಕೋಶವೊಂದನ್ನು ಒಳಗಿಟ್ಟು, ಪ್ರತಿ ಸಲವೂ ಹುಲುಗಮ್ಮ ಅದನ್ನು ತುಸು ತಿರುಗಿಸಿ ಕೊಡುತ್ತಿದ್ದರು. ದಿನಕ್ಕೆ ನಲವತ್ತು ಸಲ. ಹಾಗೆ ಪಕ್ಕದಲ್ಲೇ ಕೂತು ಗಂಡನ ಕೈ ಅವರಿಗೆ ಪಾಠವಾಗಿತ್ತು.

ಆ ಕೈಗೆ ಏನೋ ಆಗಿದೆಯೆಂದು ಮೊದಲು ಹೇಳಿದ್ದೂ ಹಾಳೆಯೇ. ನಲವತ್ತೊಂಬತ್ತರ ದೀಪಾವಳಿಯ ಹೊತ್ತಿಗೆ, ಒಂದು ರೂಪಾಯಿಯ ಅಗಲದಲ್ಲಿ ಕೂಡುತ್ತಿದ್ದ ಜಡೆಪ್ಪನವರ ಗುಂಡುಗಳು ಕೆಳಕ್ಕೆ ಜಾರತೊಡಗಿದವು. ಮೊದಲ ಐದು ನೆಟ್ಟಗೆ, ಉಳಿದ ಐದು ಕೆಳಗೆ. ತೋಳು ಸೋಲುತ್ತಿದೆ ಎಂದು ಹುಲುಗಮ್ಮನಿಗೆ ತಿಳಿಯಿತು. ಕೇಳಿದರೆ ಜಡೆಪ್ಪ, ಚಳಿ ಅಂದರು. ತಿಂಗಳ ಮೇಲೆ ಕೆಮ್ಮಿನಲ್ಲಿ ರಕ್ತ ಕಂಡಿತು. ಕ್ಷಯ.

ಐವತ್ತರ ಜನವರಿಯ ಪಂದ್ಯ ಬಂತು. ಗೆದ್ದವರು ಮದ್ರಾಸಿನ ಪಂದ್ಯಕ್ಕೆ ಹೋಗಬೇಕು. ಜಡೆಪ್ಪನವರಿಗೆ ಒಂಬತ್ತು ವರ್ಷದಿಂದ ಅದೊಂದೇ ಆಸೆ. ಇಪ್ಪತ್ತು ಗಜ, ಹತ್ತು ಗುಂಡು. ವಕೀಲ ವಿರೂಪಾಕ್ಷಪ್ಪ ಎಂಬತ್ತೇಳು ಅಂಕ ಮಾಡಿ ಕೂತಿದ್ದರು. ಜಡೆಪ್ಪ ಒಂದೊಂದು ಗುಂಡಿಗೂ ತೋಳು ಇಳಿಸಿ, ಉಸಿರು ತಿರುಗುವವರೆಗೆ ಕಾದು ಹೊಡೆದರು. ಹುಲುಗಮ್ಮ ಹಾಳೆಯ ಬಳಿ ಹೋಗಿ ಲೆಕ್ಕ ಹಾಕಿದರೆ ಒಂಬತ್ತು ಗುಂಡಿಗೆ ಎಪ್ಪತ್ತೊಂಬತ್ತು. ಹತ್ತನೆಯದು ಒಂಬತ್ತರ ಗೆರೆಯ ಅಂಚಿನಲ್ಲಿ ಕೂತಿತ್ತು. ಮುಟ್ಟಿದ್ದರೆ ಗೆಲುವು. ಮುಟ್ಟದಿದ್ದರೆ ಸಮ, ಮತ್ತೆ ಮೂರು ಗುಂಡು ಹೊಡೆಯಬೇಕು. ಆ ತೋಳಿಗೆ ಇನ್ನು ಮೂರು ಗುಂಡು ಆಗುವುದಿಲ್ಲವೆಂದು ಅಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ತೂತಿಗೂ ಗೆರೆಗೂ ನಡುವೆ ಕೂದಲೆಳೆಯಷ್ಟು ಬಿಳಿ ಉಳಿದಿತ್ತು.

"ತೂತಿನ ಅಂಚಿಗೆ ಉಗುರಿಲೆ ಒತ್ತಿದ್ರ ಸಾಕಿತ್ರಿ, ಗೆರಿಗೆ ಮುಟ್ತಿತ್ತು. ಎಲ್ಲರಿಗೂ ನನ್ನ ಬೆನ್ನಽ ಕಾಣ್ತಿತ್ತು" ಎನ್ನುತ್ತಾರೆ ಹುಲುಗಮ್ಮ. "ಎಂಟು ಅಂತ ಕೂಗಿದ್ನಿ. ನನ್ನ ದನಿ ನನಗಽ ಬ್ಯಾರೆ ಯಾರದೋ ಅನಿಸ್ತು."

ವಿರೂಪಾಕ್ಷಪ್ಪ ಮೂರು ಗುಂಡು ಹೊಡೆದರು. ಜಡೆಪ್ಪ ಎರಡು ಹೊಡೆದು, ಮೂರನೆಯದಕ್ಕೆ ತೋಳೆತ್ತಿ, ಇಳಿಸಿ, ಮತ್ತೆ ಎತ್ತಿ, ಕೊನೆಗೆ ಪಿಸ್ತೂಲು ಬಿಚ್ಚಿ ತೋಟಾ ಹೊರತೆಗೆದು ಮೇಜಿನ ಮೇಲಿಟ್ಟರು. ಗಂಡ ಹೆಂಡತಿ ಮನೆಗೆ ನಡೆದರು.

ಏಪ್ರಿಲಿನಲ್ಲಿ, ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಜಡೆಪ್ಪ ಆ ಹತ್ತನೆಯ ಗುಂಡಿನ ಮಾತೆತ್ತಿದರು. "ಹುಲುಗಿ, ಗೆರಿಗೆ ಮುಟ್ಟಿತ್ತೇನು?"

"ಮುಟ್ಟಿದ್ದಿಲ್ರಿ."

"ಹಂಗಾರ ಎಂಟಽ" ಎಂದು ಗೋಡೆಯ ಕಡೆ ಹೊರಳಿದರು. ಮೂರು ದಿನದ ಮೇಲೆ ತೀರಿಕೊಂಡರು.

ಪಂದ್ಯದ ದಿನ ಹೇಳಿದ್ದಕ್ಕೆ ಹುಲುಗಮ್ಮನಿಗೆ ಪಶ್ಚಾತ್ತಾಪವಿಲ್ಲ. ಸುಡುವುದು ಹಾಸಿಗೆಯ ಪಕ್ಕದ ಮಾತು. "ಅವತ್ತರ ಮುಟ್ಟಿತ್ತು ಅಂತ ಅಂದಿದ್ರ ಯಾರ ಗಂಟು ಹೋಗ್ತಿತ್ತು? ಸಾಯೋ ಮನಷ್ಯಾ. ಬಾಯಿ ಬರಲಿಲ್ರಿ. ಸುಳ್ಳಂದ್ರ ಅವರಿಗೆ ತಿಳೀತಿತ್ತು ಅಂತ ಒಂದು ಮನಸು. ತಿಳಿದ್ರೂ ಸಮಾಧಾನ ಆಗ್ತಿತ್ತೇನೋ ಅಂತ ಇನ್ನೊಂದು. ಮೂರು ವರ್ಷಾತು, ಬಗಿಹರಿದಿಲ್ಲ." ಇಷ್ಟು ಹೇಳಿ ಎದ್ದುಹೋಗಿ, ಆಗಲೇ ಒಣಗಿದ ಹಾಳೆಯೊಂದನ್ನು ಮತ್ತೆ ನೀವುತ್ತಾರೆ.

ಲೈಸೆನ್ಸುದಾರ ತೀರಿಕೊಂಡ ಮೇಲೆ ಪಿಸ್ತೂಲು ಠಾಣೆಗೆ ಹೋಯಿತು. ಯಾರಿಗಾದರೂ ದಾಟಿಸಿಬಿಡಿ ಎಂದವರೇ ಎಲ್ಲ. ಹುಲುಗಮ್ಮ ತಮ್ಮ ಹೆಸರಿಗೆ ಅರ್ಜಿ ಹಾಕಿದರು. ಅರ್ಜಿ ಬರೆದುಕೊಟ್ಟವರು, ಪಂದ್ಯ ಗೆದ್ದ ಅದೇ ವಿರೂಪಾಕ್ಷಪ್ಪ. ಹೆಣ್ಣುಮಗಳಿಗೆ ಪಿಸ್ತೂಲು ಯಾಕೆ ಎಂದು ವಿಚಾರಣೆಯಲ್ಲಿ ಕೇಳಿದಾಗ, ಹಾಳೆಗೆ ಹೊಡೆಯುವುದಕ್ಕೆ ಎಂದಷ್ಟೇ ಹೇಳಿದರಂತೆ. ಎರಡು ವರ್ಷ ಅಲೆದ ಮೇಲೆ, ಹೋದ ವರ್ಷ ಲೈಸೆನ್ಸು ಕೈಗೆ ಬಂತು. ನಳಿಗೆಗೆ ಹಿಡಿದಿದ್ದ ಮಬ್ಬನ್ನು ಎಣ್ಣೆಯ ಅರಿವೆಯಿಂದ ತಿಕ್ಕಿ ತೆಗೆಯಲು ಒಂದು ವಾರ ಹಿಡಿಯಿತು.

ಹೊಡೆಯುವವರೇ ಅಂಕ ಹೇಳುವಂತಿಲ್ಲ. ಅದು ಕೂಟದ ಕಟ್ಟಳೆ. ಪಂದ್ಯಕ್ಕೆ ಹೆಸರು ಕೊಟ್ಟ ದಿನವೇ ಹುಲುಗಮ್ಮ ಬೆತ್ತವನ್ನು ಕಾವಲುಗಾರ ಓಬಣ್ಣನ ಕೈಗಿಟ್ಟರು. ಅಂಟಿನ ಪಾತ್ರೆ ಮಾತ್ರ ಉಳಿಸಿಕೊಂಡರು. ಓಬಣ್ಣನ ಕಣ್ಣು ಅಷ್ಟು ಚುರುಕಲ್ಲ, ನೀವೇ ಇರಬೇಕಿತ್ತು ಎಂದು ಸದಸ್ಯರು ಈಗಲೂ ಗೊಣಗುತ್ತಾರೆ. ಈ ಜನವರಿಯ ಪಂದ್ಯದಲ್ಲಿ ಅವರು ಒಂಬತ್ತು ಮಂದಿಯಲ್ಲಿ ಆರನೆಯವರು, ಎಪ್ಪತ್ತೊಂದು ಅಂಕ. ಎಡಗೈ ಸೊಂಟಕ್ಕಿಟ್ಟು, ಸೆರಗು ಬಿಗಿದು ನಿಂತ ಹೆಂಗಸನ್ನು ನೋಡಲು ಬೇಲಿಯಾಚೆ ಜನ ಕೂಡಿದ್ದರು.

ಬಿಸಿಲು ಗುಡ್ಡ ಇಳಿದು ಚೌಕಟ್ಟುಗಳ ಮೇಲೆ ಬಿದ್ದಿದೆ. ಬೆತ್ತ ಮರಳಿ ಬೇಕೆನಿಸುವುದಿಲ್ಲವೇ ಎಂದರೆ, ಹುಲುಗಮ್ಮ ಕೈಗಂಟಿದ ಅಂಟನ್ನು ಬೆರಳಿನಿಂದ ಸುಲಿಯುತ್ತಾರೆ.

"ಇಷ್ಟು ವರ್ಷ ಮಂದಿ ಗುಂಡಿನ ತೂತು ಎಣಿಸೀನ್ರಿ. ಕಣ್ಣು ಕಾಣೋತನಕ, ಇನ್ನ ನಾಕೈದು ವರ್ಷ, ನನ್ನ ಗುಂಡು ಯಾರಾರ ಎಣಿಸಲಿ."