ಇವರ ಹೆಸರಿಗೆ ಬರುತ್ತಿದ್ದ ನಾಯಿ

ನಮ್ಮ ಮನೆಯವರು ಲಿಂಗಸುಗೂರು ಕಡೆಯವರು. ಹೈದರಾಬಾದಿಗೆ ಇಟ್ಟಿಗೆ ಹೊರಲು ಬಂದರು. ಹಿಮಾಯತ್‌ನಗರದಲ್ಲಿ ಯಾವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತರೋ ಅದಕ್ಕೇ ಆಮೇಲೆ ವಾಚ್‌ಮನ್ ಆದರು. ಮೆಟ್ಟಿಲ ಕೆಳಗಿನ ಕೋಣೆ ನಮಗೆ ಕೊಟ್ಟರು. ಮಕ್ಕಳಾಗಲಿಲ್ಲ. ಇವರು ಸಿಟ್ಟಿನ ಮನುಷ್ಯ. ಗೇಟಿನ ಮುಂದೆ ಯಾರಾದರೂ ಸ್ಕೂಟರ್ ನಿಲ್ಲಿಸಿದರೆ ಚಕ್ರದ ಗಾಳಿ ಬಿಡುತ್ತಿದ್ದರು. ನಾನು ಮಾಡಿದ ಸಾರನ್ನು ಒಂದು ದಿನವೂ ಚಲೋ ಆಗಿದೆ ಅನ್ನಲಿಲ್ಲ. ಅಂಥವರಿಗೆ ಒಂದು ನಾಯಿಯ ಮುಂದೆ ಮಾತ್ರ ಎಲ್ಲಿಲ್ಲದ ತಾಳ್ಮೆ.

ನಾಯಿ ಮೂರನೇ ಮಹಡಿಯ ಮಹೇಶಕುಮಾರ ಮತ್ತು ಸ್ನೇಹಲತಾ ಅವರದು. ಗಂಡ ಹೆಂಡತಿ ಬಿಜಾಪುರದವರು, ಹೈಟೆಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ. ಪಗ್ ಅಂತಾರೆ ಆ ನಾಯಿಗೆ. ಗಿಡ್ಡ ಕಾಲು, ಕಪ್ಪು ಮೋರೆ, ಸುತ್ತಿಕೊಂಡ ಬಾಲ. ಮುಖವೆಲ್ಲ ಸುಕ್ಕು. ಮೊದಲ ಸಲ ನೋಡಿದಾಗ ನಾನು, "ಇದಕ್ಕೇನ್ರಿ ರೋಗ?" ಅಂದೆ.

"ರೋಗ ಅಲ್ಲ, ಅದರ ಕುಲಾನ ಹಂಗ," ಅಂದರು ಇವರು. "ನಿನ್ನ ತವರುಮನಿ ಮಂದಿ ಮಾರಿ ಇಲ್ಲೇನು, ಹಂಗ."

ಬೆಳಿಗ್ಗೆ ಗಂಡ ಹೆಂಡತಿ ಕ್ಯಾಬ್ ಹತ್ತಿದರೆ ಕತ್ತಲಾದ ಮೇಲೇ ಬರುವುದು. ಆ ಜಾತಿಗೆ ಒಂಟಿಯಾಗಿ ಇರಲು ಬರುವುದಿಲ್ಲ. ಮನುಷ್ಯರ ಕಾಲಿಗೆ ಮೈ ತಾಗಿಸಿಕೊಂಡೇ ಇರಬೇಕು. ಬೀಗ ಹಾಕಿ ಹೋದರೆ ಬಾಗಿಲು ಕೆರೆಯುತ್ತಿತ್ತು, ಸೋಫಾ ಹರಿಯುತ್ತಿತ್ತು. ಅದಕ್ಕೇ ಹಗಲೆಲ್ಲ ಇವರ ಹತ್ತಿರ ಬಿಟ್ಟರು.

ಇವರು ಮಾಡುತ್ತ ಮಾಡುತ್ತ ಕಲಿತರು. ಮುಖದ ಸುಕ್ಕಿನ ಸಂದಿಯಲ್ಲಿ ಹಸಿ ಉಳಿದರೆ ಹುಣ್ಣಾಗುತ್ತದೆ, ದಿನಾ ಒಣ ಅರಿವೆಯಿಂದ ಒರೆಸಬೇಕು. ಕುತ್ತಿಗೆಗೆ ಪಟ್ಟಿ ಕಟ್ಟಿ ಎಳೆಯಬಾರದು, ಎದೆಗೆ ಕಟ್ಟಬೇಕು. ಎಷ್ಟು ಹಾಕಿದರೂ ತಿನ್ನುತ್ತದೆ, ಅಷ್ಟು ಹಾಕಬಾರದು. ಮೂಗು ಒಳಗೆ ಹೋಗಿರುವುದರಿಂದ ಸೆಕೆ ತಡೆಯುವುದಿಲ್ಲ, ಬಿಸಿಲಿಗೆ ಬಿಟ್ಟರೆ ಸತ್ತೇ ಹೋಗುತ್ತದೆ. ಗದರಿದರೆ ಮೂಲೆ ಹಿಡಿದು ಕೂತುಬಿಡುತ್ತದೆ. ಹೊಡೆದರಂತೂ ಮುಗಿಯಿತು, ಮುಂದೆ ಏನೂ ಕಲಿಯುವುದಿಲ್ಲ.

ಕರೆದರೆ ಬರುವುದನ್ನು ಕಲಿಸುವುದೇ ಕಷ್ಟವಾಯಿತು. ಮಹೇಶ ಅದನ್ನು ಟೈಗರ್ ಅನ್ನುತ್ತಿದ್ದರು. ಸ್ನೇಹಲತಾ ಬಂಗಾರಿ ಅನ್ನುತ್ತಿದ್ದರು. ಅದು ಎರಡಕ್ಕೂ ಬರುತ್ತಿರಲಿಲ್ಲ. ಕೊನೆಗೆ ಇವರೊಂದು ದಾರಿ ಹುಡುಕಿದರು. ಸ್ನೇಹಲತಾ ಅದನ್ನು ಲಿಫ್ಟಿನ ಹತ್ತಿರ ಹಿಡಿದು "ದ್ಯಾವಪ್ಪ ಎಲ್ಲಿ?" ಅನ್ನಬೇಕು. ಇವರು ಕಂಬದ ಹಿಂದಿನಿಂದ ಮುಖ ತೋರಿಸಿ ಗಜ್ಜರಿಯ ಚೂರು ಕೊಡಬೇಕು. ದೊಡ್ಡ ಮನುಷ್ಯ ಮಕ್ಕಳ ಹಾಗೆ ಅಡಗುವುದು ನೋಡಿ ನನಗೆ ನಗು. ಆದರೆ ನಾಯಿಗೆ ಅದೇ ಗಟ್ಟಿಯಾಯಿತು. ಇವರ ಹೆಸರು ಕಿವಿಗೆ ಬಿದ್ದರೆ ಎಲ್ಲಿದ್ದರೂ ಓಡಿಬರುತ್ತಿತ್ತು.

ಗೇಟಿನ ಎದುರು ತರಕಾರಿ ಬಂಡಿ ಇಟ್ಟಿದ್ದ ಬಸಲಿಂಗಮ್ಮ ನಮ್ಮ ತಾಲ್ಲೂಕಿನವಳೇ. ಅವಳು ಆಡಿಕೊಳ್ಳುತ್ತಿದ್ದಳು: "ಗಂಡನ್ನ ಕರದ್ರ ನಾಯಿ ಬರತೈತಿ, ನಾಯೀನ್ನ ಕರದ್ರ ಗಂಡ ಬರತಾನ. ಪುಣ್ಯವಂತಿ ಬಿಡು ನೀ, ಸುಗಲಿ."

ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ, ಯುಗಾದಿ ಆದ ಮೇಲೆ, ಇವರು ಗೇಟಿನ ಕುರ್ಚಿಯಲ್ಲಿ ಕೂತಲ್ಲೇ ಹೋದರು. ನಾಯಿ ಕಾಲ ಬಳಿ ಮಲಗಿತ್ತು. ನಿದ್ದೆ ಹತ್ತಿದೆ ಅಂತ ಅದೂ ತಿಳಿದಿತ್ತು, ನಾನೂ ತಿಳಿದಿದ್ದೆ.

ಊರಲ್ಲಿ ಮಣ್ಣು ಮಾಡಿ ವಾಪಸ್ ಬಂದೆ. ಇವರ ಕೆಲಸ ನನಗೇ ಕೊಟ್ಟರು, ನಾಯಿಯನ್ನೂ. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಒರೆಸಿದ ಮೆಟ್ಟಿಲನ್ನೇ ಮತ್ತೆ ಒರೆಸುತ್ತಿದ್ದೆ. ಗೇಟಿಗೆ ಹೋಗುತ್ತಿದ್ದೆ, ಯಾಕೆ ಬಂದೆ ಅಂತ ತಿಳಿಯದೆ ತಿರುಗುತ್ತಿದ್ದೆ. ನಾಯಿಯೂ ಹಾಗೇ. ಕುರ್ಚಿ ಮೂಸಿ ಕೋಣೆಗೆ ಬರುವುದು, ಕೋಣೆ ಮೂಸಿ ಕುರ್ಚಿಗೆ ಹೋಗುವುದು. ಅದರ ಉಗುರಿನ ಸಪ್ಪಳ ಕೇಳಿ ಕೇಳಿ ತಲೆ ಕೆಡುತ್ತಿತ್ತು. "ಒಂದ ಕಡಿ ಬಿದ್ಕೋ, ಹಾಳಾದ್ದ," ಅಂತ ಬೈಯುತ್ತಿದ್ದೆ. ಬೈಯುವಾಗ ನಾನೂ ನಡೆಯುತ್ತಲೇ ಇರುತ್ತಿದ್ದೆ.

ಕರೆದರೆ ನನ್ನ ಹತ್ತಿರ ಬರುತ್ತಿರಲಿಲ್ಲ. ಯಾವುದಕ್ಕೆ ಬರುತ್ತದೆ ಅಂತ ಗೊತ್ತಿತ್ತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು ಹಾಕಿಸುತ್ತಾರೆ, ಎರಡು ಸಾಲಿನ ಪದದೊಳಗೆ ಸೇರಿಸಿ ಒಂದು ಸಲ ಹೇಳುವುದು, ಅಷ್ಟೇ. ರೇಷನ್ ಅಂಗಡಿಯಲ್ಲಿ ಕೇಳಿದರೂ ನಾನು ಪಕ್ಕದವರ ಮುಖ ನೋಡಿದವಳು. ಸತ್ತ ಮೇಲೆ ಹೇಳಬಹುದು ಅಂತ ಯಾರೂ ನನಗೆ ಹೇಳಲಿಲ್ಲ. "ಏ", "ಬಾ" ಅನ್ನುತ್ತಿದ್ದೆ. ಬರದಿದ್ದರೆ ಹೋಗಿ ಎತ್ತಿಕೊಂಡು ಬರುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ನೀರಿನ ಟ್ಯಾಂಕರ್ ಬಂತು. ಗೇಟು ಪೂರ್ತಿ ತೆಗೆದೆ. ಟ್ಯಾಂಕರಿನವನು ಹಾರ್ನ್ ಹೊಡೆದ. ನಾಯಿ ಬೆದರಿ ಹೊರಗೆ ಓಡಿತು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಡಾಂಬರು ಸುಡುತ್ತಿತ್ತು. ಆಗ ಎಲ್ಲ ಕಡೆ ಮನೆ ಎದ್ದು ಎದ್ದು ಹಳೆಯ ಚರಂಡಿ ಸಾಲದೆ ರಸ್ತೆ ಅಗೆದಿದ್ದರು. ಸಿಮೆಂಟಿನ ಕೊಳವೆಗಳನ್ನು ಪಕ್ಕದಲ್ಲಿ ಉರುಳಿಸಿದ್ದರು. ಒಂದರೊಳಗಿಂದ ಅದರ ಉಸಿರಿನ ಗೊರ್ ಗೊರ್ ಕೇಳಿಸಿತು. ಬಗ್ಗಿ ನೋಡಿದೆ. ಆ ಕಡೆಯ ಬಾಯಿ ಮಣ್ಣಿನ ಗುಡ್ಡೆಯಿಂದ ಮುಚ್ಚಿತ್ತು. ನಾಯಿ ಆ ತುದಿಯಲ್ಲಿ ಕೂತಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಕೈ ಹಾಕಿದೆ. ಸಿಗಲಿಲ್ಲ. ಕೊಳವೆ ತಾಗಿ ತೋಳು ಚುರ್ ಅಂದಿತು. ಒಳಗೆ ಅದು ಬೇಯುತ್ತಿತ್ತು.

ಬಸಲಿಂಗಮ್ಮ ಕೋಲು ಹಿಡಿದೇ ಓಡಿಬಂದಳು. ಬಗ್ಗಿ, "ದ್ಯಾವಪ್ಪ! ದ್ಯಾವಪ್ಪ ಬಂದಾನ, ಬಾರಲೇ!" ಅಂದಳು. ನಾಯಿ ಮುಂದೆ ಬಂತು. ಅವಳ ಕೋಲು ಕಂಡಿತು, ಹಿಂದೆ ಸರಿಯಿತು. ಬಂಡಿಯ ಗಜ್ಜರಿ ಕದ್ದಾಗೆಲ್ಲ ಅದಕ್ಕೆ ಅದೇ ಕೋಲಿನ ಏಟು.

"ನಾ ಕರದ್ರ ಬರಂಗಿಲ್ಲ. ನೀ ಕರಿ."

"ನನಗ ಆಗಂಗಿಲ್ಲ."

"ಯಾಕ, ಬಾಯಿಗೇನಾಗೈತಿ?"

"ನಿನಗ ಗೊತ್ತಿಲ್ಲೇನ ಬಸಕ್ಕಾ?"

"ಸುಗಲಿ, ಅವ ಮಣ್ಣಾಗ್ಯಾನ. ಇದೂ ಮಣ್ಣಾಗಬೇಕೇನು?"

ಗೊರ್ ಗೊರ್ ಸಣ್ಣದಾಗುತ್ತ ಬಂತು. ಇವರು ಕೈಯಾರೆ ಸಾಕಿದ ಜೀವ ಅದೊಂದೇ. ಬರಿ ಹೆಸರು ಹೇಳಲು ನನಗೆ ಬರುವುದೇ ಇಲ್ಲ. ನನಗೆ ಬರುತ್ತಿದ್ದುದು ಒಂದೇ ರೀತಿ. ಸೆರಗು ಮುಖಕ್ಕೆ ಎಳೆದುಕೊಂಡು ಕೊಳವೆಯೊಳಗೆ ಅಂದೆ:

"ಹುಗ್ಗಿ ಮ್ಯಾಲ ಬೆಲ್ಲ, ಬೆಲ್ಲದ ಮ್ಯಾಲ ತುಪ್ಪ,
ನನ್ನ ಕೈ ಹಿಡಿದವರು ದ್ಯಾವಪ್ಪ."

ಅಗೆಯುತ್ತಿದ್ದ ಕೂಲಿಯವನೊಬ್ಬ, ನಾಯಿಗೆ ಹಾಡು ಹೇಳುತ್ತೀಯೇನಮ್ಮ ಅಂತ ತೆಲುಗಿನಲ್ಲಿ ಕೇಳಿ ನಕ್ಕ. ಬಸಲಿಂಗಮ್ಮ ಅವನ ಕಡೆ ಕೋಲು ಎತ್ತಿದಳು.

ನಾಯಿಯ ಕಿವಿ ಎದ್ದವು. ಮತ್ತೆ ಕರೆದೆ, ಬೆಲ್ಲ ತುಪ್ಪ ಬಿಟ್ಟು ಹೆಸರಷ್ಟೇ. ಇನ್ನೂ ಗಟ್ಟಿಯಾಗಿ ಕರೆದೆ. ಒಮ್ಮೆ ಬಾಯಿಗೆ ಬಂದ ಹೆಸರು ನಿಲ್ಲಲಿಲ್ಲ. "ದ್ಯಾವಪ್ಪ! ಏ ದ್ಯಾವಪ್ಪ! ಎಲ್ಲಿ ಹೋಗೀರಿ?" ಬೈದ ಹಾಗೆ ಕರೆದೆ. ಬೈಯುವುದೂ ಇತ್ತು. ಹೇಳದೆ ಕೇಳದೆ ಹೋದವರನ್ನು ಇನ್ನೇನು ಮಾಡುವುದು?

ನಾಯಿ ಹೊಟ್ಟೆ ಎಳೆಯುತ್ತ ಹೊರಗೆ ಬಂತು. ಹಿಡಿದುಕೊಂಡೆ. ಅದು ನನ್ನ ಮುಖ ನೋಡಲಿಲ್ಲ. ನನ್ನ ಹೆಗಲ ಹಿಂದೆ ನೋಡಿತು, ಆಮೇಲೆ ರಸ್ತೆಯ ಆ ಕಡೆ ನೋಡಿತು. ಟ್ಯಾಂಕರಿನ ನೀರು ಅದರ ಹೊಟ್ಟೆಗೆ, ಪಾದಕ್ಕೆ ಹಾಕಿದೆ. ಹಸಿ ಸೆರಗು ಸುತ್ತಿ ಹೊತ್ತು ತಂದು ಫ್ಯಾನಿನ ಕೆಳಗೆ ಇಟ್ಟೆ. ಉಸಿರು ಹದಕ್ಕೆ ಬರುವವರೆಗೆ ಅದರ ಪಕ್ಕೆಯ ಮೇಲಿಂದ ಕೈ ತೆಗೆಯಲಿಲ್ಲ.

ಬಸಲಿಂಗಮ್ಮ ಫೋನ್ ಮಾಡಿಸಿದ್ದಕ್ಕೆ ಸ್ನೇಹಲತಾ ಸಂಜೆಗೆ ಮುಂಚೆಯೇ ಓಡಿಬಂದರು. ನಾಯಿಯನ್ನು ಎದೆಗೆ ಒತ್ತಿಕೊಂಡು ಅತ್ತರು.

"ಅಷ್ಟ ಒಳಗಿಂದ ಹೆಂಗ ಬಂತ್ರಿ, ಸುಗಲಮ್ಮ?"

"ಕರದೆ. ಬಂತು."

"ನೀವು ಕರದ್ರ ಬರಂಗಿಲ್ಲ ಅಂತಿದ್ರಿ. ಏನಂತ ಕರದ್ರಿ?"

ನಾಯಿ ಅವರ ಕೈಯಿಂದ ಜಾರಿ ಇಳಿದು ಗೇಟಿನ ಕಡೆ ನಡೆಯಿತು. ನಾನು ಎದ್ದು ನಿಂತೆ.

"ನೀರಿನ ಮೋಟರ್ ಚಾಲೂ ಐತ್ರಿ. ಬಂದ್ ಮಾಡಿ ಬರತೀನಿ," ಅಂದೆ.

ಮೋಟರ್ ಆಗಲೇ ಬಂದ್ ಆಗಿತ್ತು, ನನಗೂ ಗೊತ್ತಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಮತ್ತೆ ಹೊರಗೆ ಬಂದೆ.