ಕೂರಿಗೆಯ ಮೇಲಿನ ಎರಡಕ್ಷರ

ಜೂನ್ 14, ಬೆಳಗ್ಗೆ 7.10. ಗೋವಿನಕೋವಿ, ಅತ್ತೆಯ ಮನೆ.

ಕೊಟ್ಟಿಗೆಯ ಮೂಲೆಯಲ್ಲಿದ್ದ, ಬೀಜ ಬಿತ್ತುವ ಹಳೆಯ ಕೂರಿಗೆಯನ್ನು ಸರಿಸಿದಾಗ ಹರಳೆಣ್ಣೆಯ ವಾಸನೆ ಬಂತು. ಬಿತ್ತನೆ ಮುಗಿದ ಮೇಲೆ ಮರಕ್ಕೆ ಎಣ್ಣೆ ಸವರಿ ಇಡುತ್ತಿದ್ದುದು ಕೂರಿಗೆ ಅಜ್ಜ. ಜಗಳೂರು ಕಡೆಯಿಂದ ಬಂದಿದ್ದ. ಯಾರು ಕರೆದರೂ ಹೋಗಿ ಬಿತ್ತಿಕೊಡುತ್ತಿದ್ದ. ಕೂರಿಗೆಯ ಅಡ್ಡಮರದ, ಅಂದರೆ ದಿಂಡಿನ, ಮೇಲೆ ಆತ ಮೊಳೆಯಿಂದ ಕೊರೆದ ಎರಡಕ್ಷರ ಇನ್ನೂ ಇತ್ತು... ಫೆಲ್ಲಾ.

ಆ ಪದ ಆತನಿಗೆ ಸಿಕ್ಕಿದ್ದು ನನ್ನಿಂದ.

ಏಳು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಓದುತ್ತಿದ್ದಾಗ ಕಾಲೇಜಿನ ಸಂಚಿಕೆಗೆ ಲೇಖನ ಬರೆದೆ. ಫೆಲ್ಲಾ ಎಂದರೆ ಅರಬ್ ನಾಡಿನ ಬೇಸಾಯಗಾರ, ನೆಲ ಸೀಳುವವನು. ಗ್ರಂಥಾಲಯದಲ್ಲಿ ಸಿಕ್ಕ ಒಂದು ಪ್ರವಾಸ ಕಥನದಲ್ಲಿ ಆ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಿದ್ದೆ. ನಲವತ್ತೊಂದು ಸಲ. ಆ ಫೆಲ್ಲಾಗಳಲ್ಲಿ ಮಾತಾಡಿದವರು ಮೂವರು. ಹೆಸರಿದ್ದವರು ಒಬ್ಬರೂ ಇಲ್ಲ. ಅನ್ನ ಬೆಳೆಯುವವನಿಗೆ ಹೆಸರು ಕೊಡದ ಬರಹಗಾರರನ್ನು ಎರಡು ಪುಟ ಬೈದಿದ್ದೆ. ಜೊತೆಗೆ ಹಾಕಲು ಅಜ್ಜನ ಫೋಟೋ ತೆಗೆದೆ. "ನನ್ನ ಹೆಸರೂ ಹಾಕವ್ವ," ಎಂದು ಆತ ಹೆಸರು ಹೇಳಿದ್ದ.

ಅಂದಿನ ದಿನಚರಿ ತೆಗೆದು ನೋಡಿದೆ. ಫೋಟೋ ತೆಗೆದ ಗಂಟೆಯಿದೆ. ಅಂದು ಬಿತ್ತಿದ ಸಾಲುಗಳ ಲೆಕ್ಕವಿದೆ. ಹೆಸರಿಲ್ಲ.

ಅಚ್ಚಿಗೆ ಕೊಡುವ ಹೊತ್ತಿಗೆ ಮರೆತಿದ್ದೆ. ಮತ್ತೆ ಕೇಳಲು ನಾಚಿಕೆಯಾಗಿ, ಫೋಟೋದ ಕೆಳಗೆ 'ನಮ್ಮ ಊರಿನ ಫೆಲ್ಲಾ' ಎಂದು ಬರೆದೆ. ಸಂಚಿಕೆ ತಂದುಕೊಟ್ಟಾಗ ಅಜ್ಜ ಕೈ ಒರೆಸಿಕೊಂಡು ಪುಟ ಮುಟ್ಟಿದ. ಓದಲು ಬರುತ್ತಿರಲಿಲ್ಲ.

"ಇದ್ರಾಗೆ ನನ್ನ ಹೆಸರು ಎಲ್ಲೈತೆ?"

ನಾನು ಕೊನೆಯ ಪದದ ಮೇಲೆ ಬೆರಳಿಟ್ಟೆ. "ಇದೇ ಅಜ್ಜ."

ಆತ ಆ ಅಕ್ಷರಗಳನ್ನು ಮಣ್ಣಿನಲ್ಲಿ ತಿದ್ದಿ ತಿದ್ದಿ ಕಲಿತನಂತೆ. ಎಲ್ಲರ ಕೂರಿಗೆಗಳೂ ಒಂದೇ ಥರ ಕಾಣುತ್ತವೆಂದು ತನ್ನದರ ಮೇಲೆ ಕೊರೆದನಂತೆ. ಚಹಾದಂಗಡಿಯಲ್ಲಿ ಯಾರೋ ಅದನ್ನು ಓದಿ, ಇದ್ಯಾವ ದೇಶದ ಹೆಸರಜ್ಜ ಎಂದು ನಕ್ಕಾಗ, "ಅಚ್ಚಿನಾಗೆ ನನ್ನ ಹೆಸರು ಹಂಗೇ ಬರೋದು. ಓದೋ ಹುಡುಗಿ ಬರೆದೈತೆ, ಸುಳ್ಳು ಬರೆಯಾಕಿಲ್ಲ," ಎಂದನಂತೆ. ಅತ್ತೆ ಇದನ್ನು ಹೇಳಿ ನಕ್ಕಿದ್ದರು. ನಾನೂ ನಕ್ಕೆ... ನಿಜ ಹೇಳಲು ಆಮೇಲೆ ನಾಲ್ಕು ಬೇಸಿಗೆ ರಜೆ ಇದ್ದವು. ಹೇಳಲಿಲ್ಲ.

ಹೋದ ವರ್ಷ ಕೂರಿಗೆಯನ್ನು ಅತ್ತೆಯ ಮನೆಯಲ್ಲಿಟ್ಟು ಜಗಳೂರು ಕಡೆ ತಂಗಿಯ ಊರಿಗೆ ಹೋದವನು ಅಲ್ಲೇ ತೀರಿಕೊಂಡನೆಂದು ಸುದ್ದಿ ಬಂತಂತೆ. ಯಾವ ಊರು ಎಂದು ಅತ್ತೆಗೆ ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. "ಕೂರಿಗೆ ಅಜ್ಜ ಅಂತಲೇ ಕರೀತಿದ್ವಲ್ಲ," ಎಂದರು. ಆಮೇಲೆ ಊರಿನ ಐದು ಮನೆಗಳಲ್ಲಿ ಕೇಳಿದೆ. ಅದೇ ಉತ್ತರ.

ಗೋವಿನಕೋವಿಯಲ್ಲಿ ಬಿತ್ತನೆ ಮಾಡಿ ಊರಿಗೆ ಮರಳಿದ ಇಂಥ ಒಬ್ಬ ಹಿರಿಯನನ್ನು ಜಗಳೂರು ಕಡೆಯ ಯಾರಾದರೂ ಬಲ್ಲಿರಾದರೆ, ಆತನ ಹೆಸರು ಬರೆದು ತಿಳಿಸಿ. ದಿಂಡಿನ ಮೇಲೆ ಇನ್ನೂ ಜಾಗವಿದೆ.