ಮೂರನೆಯ ಹೆಬ್ಬೆಟ್ಟು

ರಾಷ್ಟ್ರೀಯ ವಿಧಿವಿಜ್ಞಾನ ಸಂಘದ ಕಚೇರಿಯಲ್ಲಿ ಎದುರಿಗೆ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಬೆರಳಪ್ಪ. ದೇಶದ ಲ್ಯಾಬುಗಳಲ್ಲಿ ಬೆರಳಚ್ಚು ನೋಡುವವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಇಡುವುದು ಸಂಘದ ಕೆಲಸ. ಆ ಪರೀಕ್ಷೆಯನ್ನು ತಯಾರಿಸುವವನು ಬೆರಳಪ್ಪ. ಗಾಜಿನ ಮೇಲೆ ಮೂಡಿದ ಒಂದು ಅರೆಬರೆ ಗುರುತಿನ ಫೋಟೋ, ಅದರ ಜೊತೆಗೆ ನಾಲ್ಕು ಜನರ ಸ್ಪಷ್ಟ ಹೆಬ್ಬೆಟ್ಟಿನ ಅಚ್ಚು. ಗಾಜಿನ ಮೇಲಿನದು ಇವರಲ್ಲಿ ಯಾರದು, ಇಲ್ಲವೇ ಯಾರದೂ ಅಲ್ಲವೋ, ಹೇಳಿ. ಅಷ್ಟೇ.

ಬೆರಳು ಕೊಡುವವರು ಮನೆಯ ಸುತ್ತಮುತ್ತಲಿನವರೇ: ಹೆಂಡತಿ, ಹೆಂಡತಿಯ ತಂಗಿ, ಪಕ್ಕದ ಮನೆಯ ದರ್ಜಿ, ಬೀದಿ ಕೊನೆಯ ಕ್ಷೌರಿಕ. ಊಟದ ಮೇಜಿನ ಮೇಲೆ ಶಾಯಿ ಪ್ಯಾಡು ಬಂತೆಂದರೆ ಹೆಂಡತಿ ಗೊಣಗುವಳು. “ಮದುವೆ ದಿನ ಕೈ ಹಿಡಿದಿದ್ದು. ಆಮೇಲೆ ಶಾಯಿ ಬಳಿಯೋಕೆ ಮಾತ್ರ ಹಿಡೀತೀರಿ.”

ಮಗಳೂ ಅಪ್ಪನ ದಾರಿಯನ್ನೇ ಹಿಡಿದು ಬೇರೆ ಊರಿನ ಸರ್ಕಾರಿ ಲ್ಯಾಬಿನಲ್ಲಿ ಬೆರಳಚ್ಚು ಪರೀಕ್ಷಕಿಯಾಗಿದ್ದಳು. ಅವಳೂ ಈ ಪರೀಕ್ಷೆಗೆ ಕೂರತೊಡಗಿದ ಮೇಲೆ ಅವನು ಅವಳೆದುರು ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

ಪ್ರತಿ ವರ್ಷವೂ ಎಲ್ಲರೂ ಪಾಸು. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಅದನ್ನು ಓದಿ ಹೇಳುವರು, ಸಭೆ ಚಪ್ಪಾಳೆ ತಟ್ಟುವುದು, ಬೆರಳಪ್ಪನಿಗೆ ಮೈಯೆಲ್ಲ ಮುಳ್ಳು ಚುಚ್ಚಿದಂತಾಗುವುದು. ಇಷ್ಟು ಸುಲಭದ ಪರೀಕ್ಷೆ ಯಾರ ಕಣ್ಣೊರೆಸುವುದಕ್ಕೆ? ಒಂದು ವರ್ಷ ಅವನು ಗಟ್ಟಿ ಮನಸ್ಸು ಮಾಡಿದ. ಗಾಜಿನ ಮೇಲೆ ನಾದಿನಿಯ ಹೆಬ್ಬೆಟ್ಟು ಒತ್ತಿಸಿದ. ನಾಲ್ಕು ಅಚ್ಚುಗಳಲ್ಲಿ ಅವಳದನ್ನು ಸೇರಿಸಲಿಲ್ಲ, ಮೂರನೆಯದಾಗಿ ಹೆಂಡತಿಯದನ್ನು ಇಟ್ಟ. ಅಕ್ಕ ತಂಗಿಯರ ಗೆರೆಗಳು ಮೇಲುನೋಟಕ್ಕೆ ಒಂದೇ ಥರ. ಸರಿಯುತ್ತರ: ಇವರಲ್ಲಿ ಯಾರದೂ ಅಲ್ಲ.

ಅರ್ಧಕ್ಕಿಂತ ಹೆಚ್ಚು ಜನ ಮೂರನೆಯದು ಎಂದು ಬರೆದರು. ಅವರಲ್ಲಿ ಮಗಳೂ ಒಬ್ಬಳು. ‘ಸಂಶಯಕ್ಕೆ ಆಸ್ಪದವೇ ಇಲ್ಲ’ ಎಂದು ಬರೆದು ಕೆಳಗೆ ರುಜು ಹಾಕಿದ್ದಳು. ತನ್ನನ್ನು ಹೆತ್ತವಳ ಬೆರಳು ಅದೆಂದು ಅವಳಿಗೇನು ಗೊತ್ತು?

ಅಧ್ಯಕ್ಷರು ಕರೆಸಿ ಬಾಗಿಲು ಹಾಕಿಸಿದರು.

“ಇದು ಹೊರಗೆ ಬಿದ್ರೆ ಜೈಲಲ್ಲಿರೋ ಪ್ರತಿಯೊಬ್ಬನ ವಕೀಲನೂ ನಮ್ಮ ಬಾಗಿಲಿಗೆ ಬರ್ತಾನೆ.”

“ಬರಲಿ ಸಾರ್. ಪರೀಕ್ಷೆ ಇರೋದೇ ಅದಕ್ಕಲ್ವಾ?”

“ಸರಿ, ಬರಲಿ. ನಿಮ್ಮ ಮಗಳ ಬಾಗಿಲಿಗೂ ಹೋಗ್ತಾರೆ. ಅವಳು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು? ಪಾಪ, ಈಗಷ್ಟೇ ಹೆಸರು ಮಾಡ್ತಿದ್ದಾಳೆ.”

ಆ ‘ಪಾಪ’ ಅನ್ನುವ ಮಾತಿಗೆ ಬೆರಳಪ್ಪ ಸೋತ. ಸಂಘದ ಸಮಿತಿ ಸೇರಿದಾಗ ಎದ್ದು ನಿಂತು, “ಅಚ್ಚು ಜೋಡಿಸುವಾಗ ನನ್ನ ಕೈಯಲ್ಲೇ ಅದಲುಬದಲಾಯ್ತು” ಎಂದ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಪರೀಕ್ಷೆ ರದ್ದಾಯಿತು.

ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

“ಮಗಳಿಗಾದ್ರೂ ಹೇಳಿ. ತಪ್ಪು ಅಂತ ಗೊತ್ತಾದ್ರೆ ತಿದ್ಕೋತಾಳೆ.”

“ಅವಳ ಧೈರ್ಯ ಹೋಗಿಬಿಡುತ್ತೆ.”

“ಹೋಗಬೇಕಾದ್ದೇ ಅದಲ್ವೇನ್ರಿ?”

ಅವನು ಹೇಳಲಿಲ್ಲ.

ಮುಂದಿನ ವರ್ಷ ಕೋರ್ಟಿನಿಂದ ಸಮನ್ಸು ಬಂತು. ಒಬ್ಬ ಮುದುಕಿಯ ಕೊಲೆ. ಕಿಟಕಿಯ ಗಾಜಿನ ಮೇಲಿದ್ದ ಗುರುತು ಒಬ್ಬ ಪೇಂಟರನದೆಂದು ವರದಿ. ಬೇರೆ ಸಾಕ್ಷಿಯಿಲ್ಲ. ವರದಿ ಬರೆದವಳು ಬೆರಳಪ್ಪನ ಮಗಳು. ರದ್ದಾದ ಪರೀಕ್ಷೆಯ ಗಾಳಿಸುದ್ದಿ ಹೇಗೋ ಪೇಂಟರನ ವಕೀಲನ ಕಿವಿಗೆ ಬಿದ್ದು, ಅವನೇ ಬೆರಳಪ್ಪನನ್ನು ಸಾಕ್ಷಿಗೆ ಕರೆಸಿದ್ದ.

ಕೋರ್ಟಿನ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಪೇಂಟರನ ಅಕ್ಕ.

“ನಮ್ಮ ಕಡೆ ಸಾಕ್ಷಿ ಹೇಳೋರು ನೀವೇ ಅಂತೆ. ನಮ್ಮ ತಮ್ಮ ಆ ಮನೆ ಕಡೆ ತಲೆ ಹಾಕಿದವನೇ ಅಲ್ಲ, ಯಜಮಾನ್ರೇ.”

ಬೆರಳಪ್ಪ ಕೂರಲಿಲ್ಲ, ಗೋಡೆಗೊರಗಿ ನಿಂತ.

ಒಳಗೆ ವಕೀಲ ಕೇಳಿದ: “ಆ ಪರೀಕ್ಷೆ ಯಾಕೆ ರದ್ದಾಯ್ತು?”

“ನನ್ನ ತಪ್ಪಿನಿಂದ.”

“ಪರೀಕ್ಷೆ ಬರೆದವರ ತಪ್ಪೇನೂ ಇರಲಿಲ್ವಾ?”

ಎದುರಿನ ಸಾಲಿನಲ್ಲಿ ಮಗಳು ಕೂತಿದ್ದಳು. ಅಪ್ಪ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕಾಯಿತಲ್ಲ ಎಂದು ಅವಳ ಮುಖ ಚಿಕ್ಕದಾಗಿತ್ತು.

“ಇರಲಿಲ್ಲ,” ಎಂದ ಬೆರಳಪ್ಪ.

ಪೇಂಟರನಿಗೆ ಜೀವಾವಧಿಯಾಯಿತು. ಕಿಟಕಿಯ ಮೇಲಿನ ಗುರುತು ಅವನದೇ ಇದ್ದರೂ ಇದ್ದೀತು. ಫೋಟೋ ತರಿಸಿ ನೋಡಿದ್ದರೆ ಬೆರಳಪ್ಪನಿಗೆ ತಿಳಿಯುತ್ತಿತ್ತು. ಅವನು ನೋಡಲಿಲ್ಲ. ಆಮೇಲೂ ನೋಡಲಿಲ್ಲ.

ಅವನು ನಿವೃತ್ತನಾದಾಗ ಸಂಘದವರು ಬೀಳ್ಕೊಡುಗೆ ಮಾಡಿದರು. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡ ಗುಣ ಈತನದು ಎಂದು ಅಧ್ಯಕ್ಷರು ಬಾಯಿ ತುಂಬ ಹೊಗಳಿದರು. ಪರೀಕ್ಷೆ ತಯಾರಿಸುವ ಅವನ ಕುರ್ಚಿ ಮಗಳಿಗೆ ಸಿಕ್ಕಿತು. ಆ ಸಂತೋಷಕ್ಕೆ ಅವಳು ಊರಿಗೆ ಬಂದಳು, ಮೂವರೂ ಊಟಕ್ಕೆ ಕೂತರು.

“ಅಪ್ಪ, ನಾನು ಸ್ಪಷ್ಟವಾಗಿರೋ ಅಚ್ಚುಗಳನ್ನೇ ಹಾಕ್ತೀನಿ. ನಿನ್ನ ಹಾಗೆ ಗೋಜಲು ಮಾಡ್ಕೊಳ್ಳಲ್ಲ,” ಎಂದು ನಕ್ಕಳು. “ಪೇಂಟರ್ ಕೇಸ್ ನೋಡು, ಎಷ್ಟು ಸಲೀಸಾಗಿ ಹೋಯ್ತು.”

“ಹಾಗೇ ಮಾಡಮ್ಮ.”

ಹೆಂಡತಿ ತಟ್ಟೆ ಬಿಟ್ಟು ಎದ್ದು ಹೋದಳು.

“ಅಮ್ಮನಿಗೇನಾಯ್ತು?”

“ವಯಸ್ಸಾಯ್ತಲ್ಲ,” ಎಂದ ಬೆರಳಪ್ಪ. “ಹಸಿವು ಕಡಿಮೆ.”